ಸಬ್ಬಸಿಗೆ ಸೊಪ್ಪು ನಮಗಾ, ಸ್ವಾಲೋಟೇಲ್ ಹುಳುಗಳಿಗಾ?

ಎಡಿಸನ್_ಹಿತ್ತಲು

ಎಲ್ಲರಿಗೂ ನಮಸ್ಕಾರ. ನಾವು ಇರುವುದು ನ್ಯೂಜೆರ್ಸಿಯಲ್ಲಿ. ಏಪ್ರಿಲ್ ಕೊನೆಯಲ್ಲಿ ಹಿತ್ತಲಲ್ಲಿ ಸಬ್ಬಸಿಗೆ, ಪಾರ್ಸ್ಲಿ, ಕೊತ್ತಂಬರಿ ಹಾಕಿದ್ದೆ, ಜೊತೆಗೆ ಒಂದು ಸಾಲು ಕ್ಯಾರೆಟ್. ಅಕ್ಕಿ ರೊಟ್ಟಿಗೆ, ಹುಳಿಗೆ ಬೇಕಲ್ವಾ. ಇಲ್ಲಿ ಅಂಗಡಿಯಲ್ಲಿ ಒಂದು ಕಟ್ಟಿಗೆ ಕೇಳುವ ದುಡ್ಡು ನೋಡಿದರೆ ಮನೆಯಲ್ಲೇ ಬೆಳೆದುಕೊಳ್ಳುವುದು ವಾಸಿ.

ಈಗ ಜೂನ್ ಮುಗಿಯುತ್ತಾ ಬಂತು. ನಿನ್ನೆ ಸೊಪ್ಪು ಕೊಯ್ಯೋಣ ಅಂತ ಹೋದರೆ ಸಬ್ಬಸಿಗೆ ತುಂಬಾ ಹುಳು. ಹಸಿರು ಮೈ, ಅಡ್ಡಡ್ಡ ಕಪ್ಪು ಪಟ್ಟೆ, ಪಟ್ಟೆಯೊಳಗೆ ಹಳದಿ ಚುಕ್ಕೆ. ಕೂದಲಿಲ್ಲ, ನುಣ್ಣಗಿದೆ. ಕಡ್ಡಿಯಲ್ಲಿ ಮುಟ್ಟಿದೆ ನೋಡಿ, ತಲೆ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಚಾಚಿತು. ಅಬ್ಬಾ, ಆ ವಾಸನೆ! ವಾರಗಟ್ಟಲೆ ಹೊರಗಿಟ್ಟ ಬೆಣ್ಣೆ ಥರ.

ಯಜಮಾನರು ಬೇವಿನೆಣ್ಣೆ ಹೊಡೆಯೋಣ ಅನ್ನುತ್ತಿದ್ದಾರೆ. ಮಗಳು ಬೇಡವೇ ಬೇಡ ಅಂತ ಹಠ ಹಿಡಿದಿದ್ದಾಳೆ. ಕೊತ್ತಂಬರಿಯನ್ನು ಮಾತ್ರ ಮುಟ್ಟಿಲ್ಲ, ಅದು ಯಾಕೋ. ಇದು ಯಾವ ಹುಳು, ಏನು ಮಾಡಬೇಕು, ಗೊತ್ತಿದ್ದವರು ಹೇಳಿ.

ಚಿಟ್ಟೆ_ಮೇಷ್ಟ್ರು

ಬೇವಿನೆಣ್ಣೆ ಬಾಟಲಿ ಇದ್ದಲ್ಲೇ ಇರಲಿ ತಾಯಿ.

ಅದು ಬ್ಲ್ಯಾಕ್ ಸ್ವಾಲೋಟೇಲ್ ಚಿಟ್ಟೆಯ ಮರಿಹುಳು. ಶಾಸ್ತ್ರದ ಹೆಸರು ಪಾಪಿಲಿಯೊ ಪಾಲಿಕ್ಸೆನಿಸ್. ನಿಮ್ಮ ನ್ಯೂಜೆರ್ಸಿಯ ರಾಜ್ಯ ಚಿಟ್ಟೆ ಅದೇ, 2016ರಲ್ಲಿ ಘೋಷಣೆ ಆಯಿತು. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ನಮ್ಮ ಹಿತ್ತಲಿಗೂ ಪ್ರತಿ ಬೇಸಿಗೆ ಬರುತ್ತದೆ. ಆ ಕೊಂಬಿನ ಹೆಸರು ಆಸ್ಮಿಟೀರಿಯಂ. ಇರುವೆ, ಜೇಡ ಹತ್ತಿರ ಬರದಂತೆ ಓಡಿಸುವುದಕ್ಕೆ ಆ ವಾಸನೆ. ಕಚ್ಚುವುದಿಲ್ಲ, ಚುಚ್ಚುವುದಿಲ್ಲ, ಕಜ್ಜಿಯೂ ಆಗುವುದಿಲ್ಲ. ಮಗಳು ಧೈರ್ಯವಾಗಿ ಕೈಮೇಲೆ ಬಿಟ್ಟುಕೊಳ್ಳಬಹುದು. ಕೈ ತೊಳೆಯಲಿ ಅಷ್ಟೇ.

ಅದು ತಿನ್ನುವುದು ಕ್ಯಾರೆಟ್ ಕುಟುಂಬದ ಗಿಡಗಳನ್ನು. ಸಬ್ಬಸಿಗೆ, ಪಾರ್ಸ್ಲಿ, ಬಡೇಸೋಪಿನ ಗಿಡ, ಕ್ಯಾರೆಟ್ ಸೊಪ್ಪು. ರಸ್ತೆ ಪಕ್ಕ ಬಿಳಿ ಕೊಡೆ ಹೂ ಬಿಡುವ ಕ್ವೀನ್ ಆನ್ಸ್ ಲೇಸ್ ಇದೆಯಲ್ಲ, ಅದು ಕಾಡು ಕ್ಯಾರೆಟ್ಟೇ, ಅದರಲ್ಲೂ ಇರುತ್ತದೆ. ಆದರೆ ಇವೆಲ್ಲ ಯುರೋಪು, ಏಷ್ಯಾ ಕಡೆಯಿಂದ ಬಂದವು. ಜನ ತಂದು ನೆಡುವುದಕ್ಕೆ ಮೊದಲು ಇದು ಗೋಲ್ಡನ್ ಅಲೆಕ್ಸಾಂಡರ್ಸ್‌ನಂಥ ಇಲ್ಲಿನದೇ ಗಿಡಗಳಲ್ಲಿ ಬದುಕಿಕೊಂಡಿತ್ತು. ಜಾಗ ಇದ್ದರೆ ಅದನ್ನೂ ಒಂದು ಹಾಕಿ. ವರ್ಷ ವರ್ಷ ತಾನೇ ಚಿಗುರುತ್ತದೆ, ವಸಂತದಲ್ಲಿ ಹಳದಿ ಹೂ.

ಕೊತ್ತಂಬರಿ ಕೂಡ ಅದೇ ಕುಟುಂಬ. ಆದರೆ ಪಕ್ಕದಲ್ಲೇ ಸಬ್ಬಸಿಗೆ ಇರುವಾಗ ಕೊತ್ತಂಬರಿ ಮೇಲೆ ಮೊಟ್ಟೆ ಇಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಟೆಕ್ಸಾಸ್_ಗೌಡ

ಮೇಷ್ಟ್ರೇ, ಎಲ್ಲಾ ಸರಿ, ಆದರೆ ಅವರು ಸೊಪ್ಪು ಹಾಕಿದ್ದು ಅಡುಗೆಗೆ. ನಮ್ಮ ಪ್ಲೇನೋದಲ್ಲೂ ಇದೇ ಕಥೆ. ಮೊದಲು ಚಿಕ್ಕದಾಗಿ ಇರುತ್ತೆ, ಪಾಪ ಅನ್ನಿಸುತ್ತೆ. ವಾರ ಕಳೆಯುವುದರೊಳಗೆ ಗಿಡದಲ್ಲಿ ಕಡ್ಡಿ ಬಿಟ್ಟರೆ ಏನೂ ಉಳಿದಿರಲ್ಲ. ಹೂವನ್ನೂ ಬಿಡಲ್ಲ. ನಾನು ಕಿತ್ತು ಬೇಲಿ ಆಚೆ ಎಸೆಯುತ್ತೇನೆ. ರಾಜ್ಯ ಚಿಟ್ಟೆ ಅಂತ ಬಿಟ್ಟರೆ ಸಾರಿಗೆ ಏನು ಹಾಕೋದು?

ಚಿಟ್ಟೆ_ಮೇಷ್ಟ್ರು

ಗೌಡರೇ, ನೀವು ಹೇಳುವುದರಲ್ಲಿ ನ್ಯಾಯ ಇದೆ. ಇದು ಅಳಿವಿನಂಚಿನ ಚಿಟ್ಟೆ ಅಲ್ಲ. ಸಿಕ್ಕಾಪಟ್ಟೆ ಇದೆ. ನಿಮ್ಮ ಸೊಪ್ಪು ಉಳಿಸಿಕೊಂಡರೆ ಪಾಪ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಬೇಲಿ ಆಚೆ ಎಸೆದರೆ ಅದು ಉಪವಾಸ ಸಾಯುತ್ತದೆ. ಹುಲ್ಲು ತಿನ್ನುವುದಿಲ್ಲ, ಟೊಮೆಟೊ ತಿನ್ನುವುದಿಲ್ಲ, ಹಸಿವಾದರೂ ಬೇರೆ ಸೊಪ್ಪಿಗೆ ಬಾಯಿ ಹಾಕುವುದಿಲ್ಲ. ಅಷ್ಟು ಕಟ್ಟುನಿಟ್ಟು.

ನನ್ನ ಲೆಕ್ಕ ತುಂಬಾ ಸರಳ. ನಿಮಗೆ ಎಷ್ಟು ಬೇಕೋ ಅದರ ಎರಡು ಪಟ್ಟು ಬೀಜ ಹಾಕಿ. ಬೀಜಕ್ಕೇನು ಮಹಾ ದುಡ್ಡು? ಅಡುಗೆಯ ಪಾತಿಗೆ ತೆಳು ಬಲೆ ಮುಚ್ಚಿ, ಇನ್ನೊಂದನ್ನು ಬಯಲಿಗೆ ಬಿಡಿ. ಚಿಟ್ಟೆ ಬಲೆ ಹೊರಗಿನ ಪಾತಿಗೇ ಬರುತ್ತದೆ, ಅದಕ್ಕೇನು ದಾರಿ ತೋರಿಸಬೇಕಾಗಿಲ್ಲ.

ಫ್ರೀಮಾಂಟ್_ಅಜ್ಜಿ

ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಬರುವುದು ಬೇರೆ ಚಿಟ್ಟೆ ಅಂತ ಮೊಮ್ಮಗ ಹೇಳಿದ. ಹುಳು ನೋಡಿದರೆ ಇದೇ ಥರ ಕಾಣುತ್ತೆ, ಚಿಟ್ಟೆಯಲ್ಲಿ ಮಾತ್ರ ಹಳದಿ ಜಾಸ್ತಿ. ಬಡೇಸೋಪಿನ ಗಿಡದ ಮೇಲೆ ಇರುತ್ತೆ. ಇಲ್ಲಿ ಬಡೇಸೋಪು ಕಾಡು ಗಿಡದ ಹಾಗೆ ರಸ್ತೆ ಬದಿ, ರೈಲು ಹಳಿ ಪಕ್ಕ ಆಳೆತ್ತರ ಬೆಳೆದು ನಿಂತಿದೆ. ಮನೆಯಲ್ಲಿ ಬೇರೆ ಹಾಕಬೇಕಾ ಅಂತ ಯೋಚನೆ.

ಚಿಟ್ಟೆ_ಮೇಷ್ಟ್ರು

ಹೌದಮ್ಮ, ನಿಮ್ಮದು ಅನೀಸ್ ಸ್ವಾಲೋಟೇಲ್. ಪಾಪಿಲಿಯೊ ಜೆಲಿಕಾನ್. ಪಶ್ಚಿಮದ ಕಡೆ ಅದೇ ಜಾಸ್ತಿ. ಕಾಡುಬಿದ್ದ ಬಡೇಸೋಪು ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಕಳೆ, ಅಲ್ಲಿನ ಸ್ಥಳೀಯ ಗಿಡಗಳ ಜಾಗ ತಿಂದುಹಾಕಿದೆ. ಆದರೆ ಅದರಿಂದಲೇ ಈ ಚಿಟ್ಟೆ ಊರೊಳಗೆಲ್ಲಾ ಹರಡಿಕೊಂಡಿತು. ಮನೆಯಲ್ಲಿ ಹಾಕುವುದಾದರೆ ಕುಂಡದಲ್ಲಿ ಹಾಕಿ, ಬೀಜ ಒಣಗಿ ಉದುರುವ ಮೊದಲು ತಲೆ ಕತ್ತರಿಸಿ. ಆ ಬೀಜ ಅಡುಗೆಮನೆಗೇ ಬಂತಲ್ಲ.

ಎಡಿಸನ್_ಹಿತ್ತಲು

ಎಲ್ಲರಿಗೂ ಥ್ಯಾಂಕ್ಸ್. ಬೇವಿನೆಣ್ಣೆ ವಾಪಸ್ ಗ್ಯಾರೇಜಿಗೆ ಹೋಯಿತು, ಮಗಳು ಗೆದ್ದಳು. ಮೇಷ್ಟ್ರೇ, ಇನ್ನೂ ಒಂದಷ್ಟು ಕೇಳಬೇಕು. ದೊಡ್ಡ ಹುಳುಗಳ ಜೊತೆ ಪುಟ್ಟ ಕಪ್ಪು ಹುಳುಗಳೂ ಇವೆ, ನಡು ಬೆನ್ನಿನಲ್ಲಿ ಬಿಳಿ ಮಚ್ಚೆ. ಅವು ಬೇರೆ ಜಾತಿನಾ? ಸಬ್ಬಸಿಗೆ ಈಗಲೇ ಹೂ ಬಿಟ್ಟು ಕಡ್ಡಿಯಾಗುತ್ತಿದೆ, ಇಷ್ಟು ಹುಳುಗಳಿಗೆ ಸಾಲುತ್ತಾ? ಮಗಳಿಗೆ ಒಂದೆರಡನ್ನು ಡಬ್ಬಿಯಲ್ಲಿ ಸಾಕಬೇಕಂತೆ.

ಚಿಟ್ಟೆ_ಮೇಷ್ಟ್ರು

ಪುಟ್ಟ ಕಪ್ಪು ಹುಳುಗಳೂ ಅವೇ. ಚಿಕ್ಕದಿರುವಾಗ ನೋಡುವುದಕ್ಕೆ ಹಕ್ಕಿ ಹಿಕ್ಕೆ ಹಾಗಿರುತ್ತದೆ. ಹಕ್ಕಿಗಳು ಮೋಸಹೋಗಿ ಬಿಟ್ಟುಬಿಡುತ್ತವೆ. ನಾಲ್ಕು ಸಲ ಪೊರೆ ಬಿಡುತ್ತದೆ, ಒಂದೊಂದು ಪೊರೆಗೂ ಬಣ್ಣ ಬದಲಾಗುತ್ತಾ ಕೊನೆಗೆ ನೀವು ಕಂಡ ಹಸಿರು ಪಟ್ಟೆ ಬರುತ್ತದೆ. ತಿನ್ನುವುದೆಲ್ಲಾ ಆ ಕೊನೆಯ ಹಂತದಲ್ಲೇ. ಅಲ್ಲಿವರೆಗೆ ಗಿಡಕ್ಕೆ ಏನೂ ಆಗಿಲ್ಲ ಅನ್ನಿಸುತ್ತಿರುತ್ತದೆ, ಆಮೇಲೆ ಬೆಳಿಗ್ಗೆ ನೋಡಿದ ಗಿಡ ಸಂಜೆಗೆ ಬೋಳು.

ಮೊಟ್ಟೆ ಇಡುವುದನ್ನು ನೋಡಿದ್ದೀರಾ? ಬಿಸಿಲು ಏರಿದ ಮೇಲೆ ಪಾತಿ ಹತ್ತಿರ ಕೂತುಕೊಳ್ಳಿ. ಹೆಣ್ಣು ಗಿಡದಿಂದ ಗಿಡಕ್ಕೆ ಕೆಳಗೇ ಹಾರುತ್ತಾಳೆ. ರೆಕ್ಕೆ ಪಟಪಟ ಬಡಿಯುತ್ತಲೇ ಎಲೆಯನ್ನು ಮುಂಗಾಲಿನಿಂದ ತಟ್ಟುತ್ತಾಳೆ. ರುಚಿ ಗೊತ್ತಾಗುವುದು ಆ ಕಾಲಿನಿಂದಲೇ. ಸಬ್ಬಸಿಗೆ ಹೌದೋ ಅಲ್ಲವೋ ಅಂತ ತಟ್ಟಿ ತಿಳಿದ ಮೇಲೆ ಹೊಟ್ಟೆ ಬಗ್ಗಿಸಿ ಒಂದೇ ಒಂದು ಮೊಟ್ಟೆ ಅಂಟಿಸಿ ಮುಂದೆ ಹೋಗುತ್ತಾಳೆ. ತಿಳಿ ಹಳದಿ, ಗುಂಡಗೆ, ಗುಂಡುಪಿನ್ನಿನ ತಲೆಗಿಂತ ಚಿಕ್ಕದು. ಒಡೆಯುವ ಹೊತ್ತಿಗೆ ಕಪ್ಪಾಗುತ್ತದೆ.

ಸಬ್ಬಸಿಗೆ ವಿಷಯ. ಸೆಕೆ ಬಂದರೆ ಅದು ಹೂ ಬಿಡದೆ ಇರುವುದಿಲ್ಲ, ಯಾರೇನು ಮಾಡಿದರೂ ಅಷ್ಟೇ. ಒಟ್ಟಿಗೇ ಹಾಕದೆ ಎರಡು ಮೂರು ವಾರಕ್ಕೊಮ್ಮೆ ಒಂದು ಸಾಲು ಬೀಜ ಹಾಕುತ್ತಿರಿ. ಬೇರು ನೇರ ಆಳಕ್ಕೆ ಹೋಗುವ ಗಿಡ, ಕಿತ್ತು ನೆಟ್ಟರೆ ಸೊರಗುತ್ತದೆ. ಬೀಜವನ್ನು ಜಾಗದಲ್ಲೇ ಹಾಕಿ. ಸಬ್ಬಸಿಗೆಗಿಂತ ಭರವಸೆಯದ್ದು ಪಾರ್ಸ್ಲಿ. ಅದು ಎರಡು ವರ್ಷದ ಗಿಡ, ಮೊದಲ ವರ್ಷ ಹೂ ಬಿಡುವುದಿಲ್ಲ, ಸೆಕೆಗಾಲದಲ್ಲೂ ಎಲೆ ಕೊಡುತ್ತದೆ. ಬೀಜ ಮೊಳೆಯುವುದು ಮಾತ್ರ ನಿಧಾನ, ಮೂರು ವಾರ ಆದರೂ ಸುಮ್ನೆ ಕೂತಿರುತ್ತದೆ. ರಾತ್ರಿ ನೆನೆಸಿ ಹಾಕಿ. ಸಬ್ಬಸಿಗೆ ಮುಗಿದಾಗ ಹುಳುವನ್ನು ಪಾರ್ಸ್ಲಿಗೆ ಬಿಟ್ಟರೆ ತಿನ್ನುತ್ತದೆ. ಹುಳುವನ್ನು ಕೈಯಲ್ಲಿ ಎಳೆಯಬೇಡಿ, ಅದು ಕೂತ ಕಡ್ಡಿ ಸಮೇತ ಕತ್ತರಿಸಿ ಹೊಸ ಗಿಡದ ಮೇಲೆ ಇಡಿ. ತಾನೇ ಇಳಿದುಕೊಳ್ಳುತ್ತದೆ. ಅಲುಗಾಡದೆ ಒಂದೇ ಕಡೆ ಕೂತಿದ್ದರೆ ಪೊರೆ ಬಿಡುತ್ತಿದೆ ಅಂತ ಅರ್ಥ, ಆಗ ಮುಟ್ಟಲೇಬೇಡಿ.

ಬಫಲೋ_ಗ್ರೋವ್_ಸುಮ

ಡಬ್ಬಿ ವಿಷಯ ನಾನು ಹೇಳುತ್ತೇನೆ, ನಮ್ಮ ಮನೆಯಲ್ಲಿ ಮಕ್ಕಳು ಪ್ರತಿ ವರ್ಷ ಸಾಕುತ್ತಾರೆ. ಮುಚ್ಚಳದ ಬದಲು ಬಲೆ ಕಟ್ಟಿ. ಕೆಳಗೆ ಪೇಪರ್ ಟವೆಲ್ ಹಾಸಿ, ದಿನಾ ಬದಲಾಯಿಸಿ. ಹಿಕ್ಕೆ ಸಿಕ್ಕಾಪಟ್ಟೆ ಬೀಳುತ್ತೆ, ಬಿಟ್ಟರೆ ಬೂಸ್ಟು ಹಿಡಿಯುತ್ತೆ, ಹುಳು ಕಾಯಿಲೆ ಬೀಳುತ್ತೆ. ಸೊಪ್ಪಿನ ಕಡ್ಡಿಯನ್ನು ಪುಟ್ಟ ಬಾಟಲಿ ನೀರಲ್ಲಿ ಇಡಿ, ಆದರೆ ಬಾಟಲಿ ಬಾಯನ್ನು ಹತ್ತಿಯಿಂದ ಮುಚ್ಚಿ. ಇಲ್ಲದಿದ್ದರೆ ಹುಳು ಕಡ್ಡಿ ಹಿಡಿದು ಕೆಳಗಿಳಿದು ನೀರಲ್ಲಿ ಮುಳುಗುತ್ತೆ.

ಅಂಗಡಿ ಸೊಪ್ಪು ಮಾತ್ರ ಬೇಡವೇ ಬೇಡ. ಹೋದ ವರ್ಷ ನಮ್ಮ ಸೊಪ್ಪು ಮುಗಿದು ಹತ್ತಿರದ ಒಂದು ನರ್ಸರಿಯಿಂದ ಪಾರ್ಸ್ಲಿ ಕುಂಡ ತಂದಿದ್ದರು ನಮ್ಮವರು. ನೋಡೋಕೆ ಒಳ್ಳೆ ಸೊಂಪಾಗಿತ್ತು. ಮಾರನೇ ದಿನ ಹುಳುಗಳು ಹಸಿರು ವಾಂತಿ ಮಾಡಿ ಒದ್ದಾಡಿ ಸತ್ತವು. ಮಕ್ಕಳು ಊಟ ಬಿಟ್ಟು ಅಳುತ್ತಾ ಕೂತರು. ಗಿಡದ ಒಳಗೇ ಸೇರಿಕೊಳ್ಳುವ ಔಷಧಿ ಇರುತ್ತಂತೆ, ತೊಳೆದರೂ ಹೋಗಲ್ಲ.

ಚಿಟ್ಟೆ_ಮೇಷ್ಟ್ರು

ಸರಿಯಾಗಿ ಹೇಳಿದಿರಿ ಸುಮಾ ಅವರೇ. ನಿಯೊನಿಕೊಟಿನಾಯ್ಡ್ ಗುಂಪಿನ ಔಷಧಿಗಳು ಹಾಗೆ, ಬೇರಿನಿಂದ ಎಲೆವರೆಗೂ ಹೋಗಿ ಕೂರುತ್ತವೆ. ಇನ್ನೊಂದು ಮಾತು. ಸಾವಯವ ಅಂತ ಚೀಟಿ ಇದ್ದ ಮಾತ್ರಕ್ಕೆ ಹುಳುವಿಗೆ ಕ್ಷೇಮ ಅಂತ ಅಲ್ಲ. ಬಿಟಿ ಅಂತ ಒಂದು ಬ್ಯಾಕ್ಟೀರಿಯಾ ಸಿಂಪಡಣೆ ಇದೆಯಲ್ಲ, ಸಾವಯವ ಕೃಷಿಯಲ್ಲಿ ಒಪ್ಪಿಗೆ ಇರುವುದೇ. ಅದರ ಕುರ್ಸ್ಟಾಕಿ ಅನ್ನುವ ಬಗೆ ಕೊಲ್ಲುವುದೇ ಚಿಟ್ಟೆ, ಪತಂಗದ ಮರಿಹುಳುಗಳನ್ನು. ಎಲೆಕೋಸಿಗೆ ಹೊಡೆಯುವಾಗ ಗಾಳಿಯಲ್ಲಿ ಪಕ್ಕದ ಸಬ್ಬಸಿಗೆ ಮೇಲೆ ಬಿದ್ದರೂ ಸಾಕು. ಬೀಜದಿಂದ ನೀವೇ ಬೆಳೆಸಿದ ಗಿಡ ಒಂದೇ ನಂಬುವಂಥದ್ದು.

ಟೆಕ್ಸಾಸ್_ಗೌಡ

ಸರಿ ಮೇಷ್ಟ್ರೇ, ಈ ಸಲ ಎಸೆಯಲಿಲ್ಲ, ಮಗ ಬಿಡಲಿಲ್ಲ. ಆದರೆ ದಪ್ಪಗಿದ್ದವು ರಾತ್ರೋರಾತ್ರಿ ಮಾಯ! ಹಕ್ಕಿ ತಿಂದವಾ?

ಚಿಟ್ಟೆ_ಮೇಷ್ಟ್ರು

ತಿಂದಿರಬಹುದು. ಆದರೆ ಕೋಶ ಕಟ್ಟಲು ಹೋಗಿರುವುದೇ ಹೆಚ್ಚು ಸಂಭವ. ಬೆಳವಣಿಗೆ ಮುಗಿದ ಮೇಲೆ ಹುಳು ಹೊಟ್ಟೆ ಖಾಲಿ ಮಾಡುತ್ತದೆ. ಯಾವಾಗಲೂ ಒಣ ಉಂಡೆ ಹಾಕುವ ಹುಳು ಒಂದು ಸಲ ದೊಡ್ಡದಾಗಿ ನೀರಾದ ಹಸಿರು ಭೇದಿ ಮಾಡಿಕೊಳ್ಳುತ್ತದೆ. ಡಬ್ಬಿಯಲ್ಲಿ ಸಾಕುವವರು ಕಾಯಿಲೆ ಅಂತ ಗಾಬರಿ ಬೀಳುವುದು ಇದನ್ನು ಕಂಡೇ. ಆಮೇಲೆ ನಡೆಯಲು ಶುರು. ಗಿಡ ಬಿಟ್ಟು ಇಳಿದು ಬೇಲಿ, ಗೋಡೆ, ಕುರ್ಚಿ ಕಾಲು, ಬಾರ್ಬೆಕ್ಯೂ ಒಲೆ, ಎಲ್ಲಿಗೆ ಬೇಕಾದರೂ ಹೋಗುತ್ತದೆ. ಜಾಗ ಹಿಡಿಸಿದ ಮೇಲೆ ಬಾಲದ ಕಡೆ ರೇಷ್ಮೆಯ ಪುಟ್ಟ ಗಂಟು ನೇಯ್ದು ಕಚ್ಚಿಕೊಳ್ಳುತ್ತದೆ, ಬೆನ್ನಿನ ಸುತ್ತ ಒಂದು ಎಳೆ ಹಾಕಿ ಓರೆಯಾಗಿ ಒರಗುತ್ತದೆ. ಮಾರನೇ ದಿನದ ಹೊತ್ತಿಗೆ ಕೊನೆ ಪೊರೆ ಕಳಚಿ ಕೋಶ. ಕೂತ ಜಾಗಕ್ಕೆ ತಕ್ಕ ಹಾಗೆ ಹಸಿರು ಅಥವಾ ಕಂದು. ಅದಕ್ಕೇ ನಿಮಗೆ ಕಾಣಿಸಿಲ್ಲ. ಬೇಸಿಗೆಯಲ್ಲಿ ಎರಡು ವಾರದ ಆಸುಪಾಸಿನಲ್ಲಿ ಚಿಟ್ಟೆ ಹೊರಗೆ ಬರುತ್ತದೆ.

ಟೆಕ್ಸಾಸ್_ಗೌಡ

ಗ್ಯಾರೇಜ್ ಬಾಗಿಲ ಹತ್ತಿರ ಒಂದು ಸಿಕ್ಕಿತು! ಕಂದು ಬಣ್ಣ. ಆದರೆ ಪಕ್ಕದಲ್ಲಿ ದುಂಡಗೆ ತೂತು ಬಿದ್ದಿದೆ. ಒಳಗೆ ಖಾಲಿ.

ಚಿಟ್ಟೆ_ಮೇಷ್ಟ್ರು

ಅಯ್ಯೋ, ಅದು ಹಳೆಯದು. ಕಣಜ ಬಂದುಹೋಗಿದೆ. ಟ್ರೋಗಸ್ ಅಂತ ಒಂದು ಜಾತಿ ಇದೆ. ಹುಳುವಿನೊಳಗೆ ಮೊಟ್ಟೆ ಇಡುತ್ತದೆ. ಹುಳು ಏನೂ ಆಗದವರ ಹಾಗೆ ತಿಂದು ಬೆಳೆದು ಕೋಶ ಕಟ್ಟುತ್ತದೆ, ಆಮೇಲೆ ಚಿಟ್ಟೆ ಬದಲು ಕಣಜ ತೂತು ಕೊರೆದು ಹೊರಗೆ ಬರುತ್ತದೆ. ಚಿಟ್ಟೆಯೇ ಬಂದಿದ್ದರೆ ತೂತು ಇರುವುದಿಲ್ಲ, ತಲೆ ಕಡೆ ಸಿಪ್ಪೆ ಸೀಳಿಕೊಂಡಿರುತ್ತದೆ.

ಬಫಲೋ_ಗ್ರೋವ್_ಸುಮ

ಇದಕ್ಕೇ ನೋಡಿ, ಮೊಟ್ಟೆ ಇರುವಾಗಲೇ ಒಳಗೆ ತಂದು ಸಾಕಬೇಕು. ಹೊರಗೆ ಬಿಟ್ಟರೆ ಉಳಿಯುವುದೇ ಅಪರೂಪ. ಚಿಟ್ಟೆ ಉಳಿಸೋಕೆ ಇದೇ ದಾರಿ ಅಲ್ವಾ?

ಚಿಟ್ಟೆ_ಮೇಷ್ಟ್ರು

ಇಲ್ಲಿ ನನ್ನ ಅಭಿಪ್ರಾಯ ಬೇರೆ ಸುಮಾ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಒಂದೆರಡು ಹುಳು ಮಕ್ಕಳು ನೋಡಲಿ ಅಂತ ಸಾಕುವುದು ಬಹಳ ಒಳ್ಳೆಯದು, ನಾನೂ ಮಾಡಿದ್ದೇನೆ. ಆದರೆ ಅದು ನೋಡುವ ಖುಷಿ, ಸಂರಕ್ಷಣೆ ಅಲ್ಲ. ಎಲ್ಲಾ ಮೊಟ್ಟೆಯನ್ನೂ ಆರಿಸಿ ಡಬ್ಬಿಗೆ ತುಂಬಿದರೆ ಇಕ್ಕಟ್ಟಿನಲ್ಲಿ ಕಾಯಿಲೆ ಒಂದರಿಂದ ಒಂದಕ್ಕೆ ಬೇಗ ಹರಡುತ್ತದೆ. ಕಣಜವೂ ನಮ್ಮ ಹಿತ್ತಲದ್ದೇ ಅಲ್ವಾ. ಮರಿಗೆ ಹುಳು ಹೊತ್ತುಕೊಂಡು ಹೋಗುವ ಹಕ್ಕಿಯೂ ಅಷ್ಟೇ. ಹೆಣ್ಣು ಚಿಟ್ಟೆ ಅಷ್ಟೊಂದು ಮೊಟ್ಟೆ ಇಡುವುದು ಹೆಚ್ಚಿನವು ಹೋಗುತ್ತವೆ ಅಂತಲೇ. ಚಿಟ್ಟೆಗೆ ಸಹಾಯ ಮಾಡಬೇಕು ಅನ್ನಿಸಿದರೆ ಡಬ್ಬಿ ಜಾಸ್ತಿ ಮಾಡಬೇಡಿ, ಗಿಡ ಜಾಸ್ತಿ ಮಾಡಿ. ಮೂಲೆಯಲ್ಲಿ ಒಂದಷ್ಟು ಒಣ ಕಡ್ಡಿ ಕಸ ಹಾಗೇ ಇರಲಿ, ಚಳಿಗಾಲದ ಕೋಶ ಅಲ್ಲೇ ಇರುತ್ತದೆ.

ಇನ್ನೊಂದು. ಸೆಪ್ಟೆಂಬರ್ ಹೊತ್ತಿಗೆ ಹಗಲು ಚಿಕ್ಕದಾಗುತ್ತಿದ್ದಂತೆ ಕಟ್ಟಿದ ಕೋಶ ಆ ವರ್ಷ ಒಡೆಯುವುದಿಲ್ಲ, ವಸಂತದವರೆಗೆ ಮಲಗುತ್ತದೆ. ಹಾಗೆ ಮಲಗಿದ್ದನ್ನು ಹೀಟರ್ ಇರುವ ಕೋಣೆಯಲ್ಲಿ ಇಟ್ಟರೆ ಜನವರಿಯಲ್ಲಿ ಚಿಟ್ಟೆ ಹೊರಬಂದು ಕಿಟಕಿಗೆ ಬಡಿದುಕೊಳ್ಳುತ್ತದೆ. ಹೊರಗೆ ಹಿಮ, ಹೂವಿಲ್ಲ. ಚಳಿ ತಾಗುವ ಹಾಗೆ ಶೆಡ್ಡಿನಲ್ಲೋ ಬಿಸಿ ಇಲ್ಲದ ಗ್ಯಾರೇಜಿನಲ್ಲೋ ಇಡಿ, ಇಲಿ ಸಿಗದಂತೆ.

ಬಫಲೋ_ಗ್ರೋವ್_ಸುಮ

ಬೇಜಾರೇನಿಲ್ಲ ಮೇಷ್ಟ್ರೇ. ಪೂರ್ತಿ ಒಪ್ಪಿದೆ ಅಂತಲೂ ಅಲ್ಲ. ಕೊರೆದ ಕೋಶ ನೋಡಿದ ಮಕ್ಕಳಿಗೆ ಕಣಜವೂ ನಮ್ಮದೇ ಅಂತ ನೀವೇ ಬಂದು ಹೇಳಬೇಕು 😀 ಟೆಕ್ಸಾಸಿನ ನನ್ನ ತಂಗಿ ಮಕ್ಕಳಿಗೆ ಎರಡು ಕೋಶ ಪೋಸ್ಟಿನಲ್ಲಿ ಕಳಿಸೋಣ ಅಂತಿದ್ದೆ, ಪರವಾಗಿಲ್ವಾ?

ಚಿಟ್ಟೆ_ಮೇಷ್ಟ್ರು

ಬೇಡ. ಜೀವಂತ ಚಿಟ್ಟೆ, ಕೋಶ, ಹುಳು ಯಾವುದನ್ನೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಕಳಿಸಲು ಕೃಷಿ ಇಲಾಖೆಯ ಅನುಮತಿ ಬೇಕು. ಸಬ್ಬಸಿಗೆ ಬೀಜ ಕಳಿಸಿ. ಚಿಟ್ಟೆ ಅಲ್ಲಿಯದೇ ಬರುತ್ತದೆ, ಗೌಡರ ಮನೆಗೆ ಬಂದ ಹಾಗೆ.

ಮ್ಯೂನಿಕ್_ಮಂಜು

ಜರ್ಮನಿಯಿಂದ ನಮಸ್ಕಾರ. ಇಲ್ಲಿ ಬರುವುದು ಪಾಪಿಲಿಯೊ ಮಕಾಯೊನ್. ಹುಳು ಹೆಚ್ಚು ಕಮ್ಮಿ ನಿಮ್ಮದೇ ಥರ, ಹಸಿರು ಮೈ, ಕಪ್ಪು ಪಟ್ಟೆ, ಪಟ್ಟೆಯಲ್ಲಿ ಕಿತ್ತಳೆ ಚುಕ್ಕೆ. ನಾವು ಬಾಡಿಗೆಗೆ ಹಿಡಿದ ಪುಟ್ಟ ತೋಟದಲ್ಲಿ ಸಬ್ಬಸಿಗೆ, ಕ್ಯಾರೆಟ್, ಬಡೇಸೋಪು ಎಲ್ಲದರ ಮೇಲೂ ಸಿಕ್ಕಿದೆ. ಇಲ್ಲಿ ಅದು ಕಾನೂನಿನ ರಕ್ಷಣೆ ಇರುವ ಜಾತಿ. ಹಿಡಿಯುವಂತಿಲ್ಲ, ಕೊಲ್ಲುವಂತಿಲ್ಲ. ಗೌಡರ ಹಾಗೆ ಬೇಲಿ ಆಚೆ ಎಸೆಯುವುದಕ್ಕೂ ಇಲ್ಲ. ಪಕ್ಕದ ತೋಟದ ಜರ್ಮನ್ ಅಜ್ಜ ಹುಳು ಕಂಡರೆ ಸಾಲಿಗೆ ಒಂದು ಕೋಲು ನೆಟ್ಟು ಗುರುತು ಮಾಡುತ್ತಾರೆ, ಯಾರೂ ಕ್ಯಾರೆಟ್ ಕೀಳದಿರಲಿ ಅಂತ.

ಇಂಗ್ಲೆಂಡಿನಲ್ಲಿರುವ ನನ್ನ ಭಾವ ಇದನ್ನು ಕೇಳಿ ತಾನೂ ಬಡೇಸೋಪು ಹಾಕಿದ್ದಾರೆ. ಬರುತ್ತಾ?

ಚಿಟ್ಟೆ_ಮೇಷ್ಟ್ರು

ಬರುವುದು ಕಷ್ಟ. ಚಿಟ್ಟೆ ಅದೇ ಮಕಾಯೊನ್, ಆದರೆ ಬ್ರಿಟನ್ನಿನದ್ದು ಬೇರೆ ಉಪಜಾತಿ. ನಾರ್ಫಕ್ ಬ್ರಾಡ್ಸ್ ಅನ್ನುವ ಜೌಗು ಪ್ರದೇಶದಲ್ಲಿ ಮಾತ್ರ ಉಳಿದಿದೆ. ಅಲ್ಲಿ ಬೆಳೆಯುವ ಮಿಲ್ಕ್ ಪಾರ್ಸ್ಲಿ ಅನ್ನುವ ಒಂದೇ ಗಿಡವನ್ನು ನೆಚ್ಚಿಕೊಂಡಿದೆ. ಒಂದೇ ಚಿಟ್ಟೆ, ಮ್ಯೂನಿಕ್‌ನಲ್ಲಿ ಕ್ಯಾರೆಟ್ ಸಾಲು ಸಾಕು, ಇಂಗ್ಲೆಂಡಿನಲ್ಲಿ ಜೌಗೇ ಬೇಕು. ಗಿಡ ಆರಿಸುವ ಮೊದಲು ನಿಮ್ಮ ಊರಲ್ಲಿ ಯಾವ ಚಿಟ್ಟೆ ಇದೆ, ಅದು ಅಲ್ಲಿ ಏನು ತಿನ್ನುತ್ತದೆ ನೋಡಿ.

ಮೈಸೂರು_ಮಹಡಿ

ಅಲ್ಲಾ ಸರ್, ನಾನು ಮೈಸೂರಲ್ಲಿ ಮಹಡಿ ಮೇಲೆ ಎರಡು ಗ್ರೋ ಬ್ಯಾಗ್ ತುಂಬಾ ಸಬ್ಬಸಿಗೆ ಬೆಳೆದಿದ್ದೇನೆ. ಒಂದೇ ಒಂದು ಹುಳು ಇಲ್ಲ. ಇದನ್ನೆಲ್ಲಾ ಓದಿ ನಮ್ಮ ಮನೆ ಸೊಪ್ಪಲ್ಲಿ ಏನೋ ದೋಷ ಇದೆ ಅನ್ನಿಸ್ತಾ ಇದೆ.

ತೀರ್ಥಹಳ್ಳಿ_ತೋಟ

ದೋಷ ಏನಿಲ್ಲ ಮಾರಾಯ್ರೆ. ಮಕಾಯೊನ್ ನಮ್ಮ ದೇಶದಲ್ಲಿ ಇರುವುದು ಹಿಮಾಲಯದ ಕಡೆ. ನಮ್ಮ ಕರ್ನಾಟಕದಲ್ಲಿ ಸಬ್ಬಸಿಗೆ ತಿನ್ನುವ ಸ್ವಾಲೋಟೇಲೇ ಇಲ್ಲ. ನಿಶ್ಚಿಂತೆಯಿಂದ ರೊಟ್ಟಿ ಮಾಡಿ ತಿನ್ನಿ.

ನಮ್ಮ ಹಿತ್ತಲಿಗೆ ಹೆಚ್ಚಾಗಿ ಬರುವವು ನಿಂಬೆ ಕುಟುಂಬದ ಗಿಡ ತಿನ್ನುವವು. ಮಹಡಿ ಮೇಲೆ ಕರಿಬೇವಿನ ಕುಂಡ ಇದೆಯಾ? ಎಳೆ ಚಿಗುರು ತಿರುಗಿಸಿ ನೋಡಿ. ಕಪ್ಪು ಬಿಳಿ ಹಿಕ್ಕೆ ಥರದ್ದು ಕೂತಿದ್ದರೆ ನಿಂಬೆ ಚಿಟ್ಟೆ ಅಥವಾ ಕಾಮನ್ ಮಾರ್ಮನ್. ಇವೂ ದೊಡ್ಡದಾದ ಮೇಲೆ ಹಸಿರು ಆಗುತ್ತವೆ, ಮುಟ್ಟಿದರೆ ಕೊಂಬು ಚಾಚುತ್ತವೆ. ನಿಂಬೆ ಚಿಟ್ಟೆ ಸ್ವಾಲೋಟೇಲ್ ಕುಟುಂಬದ್ದೇ ಆದರೂ ಅದಕ್ಕೆ ಬಾಲ ಇಲ್ಲ. ಮಾರ್ಮನ್‌ಗೆ ಉಂಟು.

ಪುಟ್ಟ ಕುಂಡದಲ್ಲಿ ಸೊಪ್ಪಿನ ಗಿಡವೇ ಬೇಕು ಅಂದರೆ ನಾಗದಾಳಿ ಹಾಕಿ. ಹಳೆ ಮನೆಗಳ ಹಿತ್ತಲಲ್ಲಿ ಮಕ್ಕಳ ಔಷಧಿಗೆ ಅಂತ ಇರುತ್ತಿತ್ತಲ್ಲ, ಬೂದು ಹಸಿರು ಪುಟ್ಟ ಎಲೆ, ಗಾಟು ವಾಸನೆ. ಅದೂ ನಿಂಬೆ ಕುಟುಂಬ. ನಿಂಬೆ ಚಿಟ್ಟೆ ಹುಡುಕಿಕೊಂಡು ಬರುತ್ತದೆ.

ಚಿಟ್ಟೆ_ಮೇಷ್ಟ್ರು

ನಾಗದಾಳಿ ಹೆಸರು ತೆಗೆದದ್ದು ಬಹಳ ಒಳ್ಳೆಯದಾಯಿತು. ಇಲ್ಲಿ ಅದನ್ನು ರೂ ಅನ್ನುತ್ತಾರೆ, ನಮ್ಮ ಬ್ಲ್ಯಾಕ್ ಸ್ವಾಲೋಟೇಲೂ ಅದನ್ನು ತಿನ್ನುತ್ತದೆ. ಕ್ಯಾರೆಟ್ ಕುಟುಂಬದ ಹುಳು ನಿಂಬೆ ಕುಟುಂಬದ ಗಿಡ ಯಾಕೆ ತಿನ್ನಬೇಕು? ಎರಡೂ ಕುಟುಂಬದಲ್ಲಿ ಘಮಘಮ ಎಣ್ಣೆಗಳೂ ಫ್ಯೂರನೊಕೂಮರಿನ್ ಅನ್ನುವ ವಿಷಗಳೂ ಇವೆ. ಬಿಸಿಲು ಬಿದ್ದರೆ ಆ ವಿಷ ಇನ್ನೂ ಚುರುಕು. ಬೇರೆ ಹೆಚ್ಚಿನ ಹುಳುಗಳಿಗೆ ಅದು ಆಗದು. ಇವಕ್ಕೆ ಮಾತ್ರ ಅದನ್ನು ಮುರಿದುಹಾಕುವ ಕಿಣ್ವ ಹೊಟ್ಟೆಯಲ್ಲಿದೆ. ಇಲಿನಾಯ್ ವಿಶ್ವವಿದ್ಯಾಲಯದ ಮೇ ಬೆರೆನ್‌ಬಾಮ್ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ.

ನಮಗೆ ಆ ಕಿಣ್ವ ಇಲ್ಲ, ನೆನಪಿರಲಿ. ನಾಗದಾಳಿಯನ್ನು ಬಿಸಿಲಲ್ಲಿ ಬರಿಗೈಯಲ್ಲಿ ಕತ್ತರಿಸಿ ರಸ ತಾಗಿದರೆ ಮರುದಿನ ಸುಟ್ಟ ಬೊಬ್ಬೆ ಏಳುತ್ತದೆ, ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕೈಗವಸು ಹಾಕಿ, ಸಂಜೆ ಹೊತ್ತು ಕತ್ತರಿಸಿ. ಮಕ್ಕಳ ಕೈಗೆ ಕೊಡಬೇಡಿ.

ಅಮೆರಿಕದವರಿಗೆ ಇನ್ನೊಂದು ಎಚ್ಚರಿಕೆ. ಹುಳುವಿಗೆ ಸೊಪ್ಪು ಸಾಲದು ಅಂತ ರಸ್ತೆ ಬದಿಯ ಕ್ವೀನ್ ಆನ್ಸ್ ಲೇಸ್ ಕೀಳಲು ಹೋದರೆ ಕಾಂಡ ನೋಡಿ. ಕೂದಲಿದ್ದರೆ ಸರಿ. ನುಣ್ಣಗಿದ್ದು ನೇರಳೆ ಮಚ್ಚೆ ಇದ್ದರೆ ಅದು ಪಾಯ್ಸನ್ ಹೆಮ್ಲಾಕ್, ಮನುಷ್ಯರಿಗೆ ಕಡು ವಿಷ. ಸಾಕ್ರಟಿಸ್‌ಗೆ ಕುಡಿಸಿದ್ದು ಅದನ್ನೇ. ಹುಳು ಅದನ್ನೂ ಆರಾಮಾಗಿ ತಿನ್ನುತ್ತದೆ, ಹಾಗಾಗಿ ಹುಳು ಇದೆ ಅಂದ ಮಾತ್ರಕ್ಕೆ ಗಿಡ ಒಳ್ಳೆಯದು ಅಂತ ಲೆಕ್ಕ ಹಾಕಬೇಡಿ.

ಎಡಿಸನ್_ಹಿತ್ತಲು

ಅಯ್ಯಪ್ಪಾ, ನಮ್ಮ ಬೀದಿ ಕೊನೆಯಲ್ಲಿ ಅಂಥದ್ದೇ ಬಿಳಿ ಹೂ ಇದೆ. ಮುಟ್ಟುವುದೇ ಬೇಡ, ಬೀಜ ಹಾಕುವುದೇ ವಾಸಿ.

ಅಂದಹಾಗೆ ಕರಿಬೇವು ಅಂದಿರಲ್ಲ. ಫ್ಲೋರಿಡಾದ ಗೆಳತಿ ನನಗೊಂದು ಕರಿಬೇವಿನ ಗಿಡ ಕಾರಲ್ಲಿ ತಂದುಕೊಡುತ್ತೇನೆ ಅಂದಿದ್ದಾಳೆ. ಅದನ್ನು ಬೇಸಿಗೆಯಲ್ಲಿ ಹೊರಗಿಟ್ಟರೆ ಇಲ್ಲಿನ ಚಿಟ್ಟೆ ಬರುತ್ತಾ?

ಚಿಟ್ಟೆ_ಮೇಷ್ಟ್ರು

ಮೊದಲು ಗಿಡ ತರಿಸಬೇಡಿ. ಕರಿಬೇವಿನ ಮೇಲೆ ಸಿಟ್ರಸ್ ಸಿಲಿಡ್ ಅನ್ನುವ ಪುಟ್ಟ ಕೀಟ ಇರುತ್ತದೆ. ಕಿತ್ತಳೆ ತೋಟಗಳನ್ನು ಹಾಳು ಮಾಡುವ ಗ್ರೀನಿಂಗ್ ರೋಗ ಹರಡುವುದು ಅದೇ. ಫ್ಲೋರಿಡಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾ ಕಡೆಯಿಂದ ಕರಿಬೇವು ಗಿಡ ಹೊರಗೆ ಸಾಗಿಸಲು ನಿರ್ಬಂಧ ಇದೆ. ನಮ್ಮವರು ಸುಮ್ನೆ ಕಾರಲ್ಲಿ ಹಾಕಿಕೊಂಡು ಬಂದುಬಿಡುತ್ತಾರೆ, ಅದು ತಪ್ಪು. ನಿಮ್ಮ ಊರಲ್ಲೇ ಪರವಾನಗಿ ಇರುವ ನರ್ಸರಿಯಲ್ಲಿ ಕೇಳಿ.

ಚಿಟ್ಟೆ ವಿಷಯ. ಕರಿಬೇವಿನ ನೆಂಟರಾದ ನಿಂಬೆ, ಕಿತ್ತಳೆಗೆ ಇಲ್ಲಿ ಬರುವುದು ಜಯಂಟ್ ಸ್ವಾಲೋಟೇಲ್. ಅದು ದಕ್ಷಿಣದ ಕಡೆ ಜಾಸ್ತಿ. ನಿಮಗೆ ಸಬ್ಬಸಿಗೆ, ಪಾರ್ಸ್ಲಿ ಸಾಕು.

ಮೈಸೂರು_ಮಹಡಿ

ತೋಟದವರೇ, ನೀವು ಹೇಳಿದ್ದು ನಿಜ! ಕರಿಬೇವಲ್ಲಿ ಮೂರು ಸಿಕ್ಕಿದವು. ಇಷ್ಟು ದಿನ ಹಕ್ಕಿ ಹಿಕ್ಕೆ ಅಂತ ಅಮ್ಮ ನೀರು ಹಾಕಿ ತೊಳೆಯುತ್ತಿದ್ದರಂತೆ 🙈 ಗಿಡ ಚಿಕ್ಕದು, ಎರಡಡಿ ಇಲ್ಲ. ಮೂರನ್ನೂ ಬಿಡಲಾ? ನಮ್ಮ ರಾಜ್ಯದ ಚಿಟ್ಟೆ ಬರಬೇಕಾದರೆ ಏನು ಹಾಕಬೇಕು?

ತೀರ್ಥಹಳ್ಳಿ_ತೋಟ

ಎರಡಡಿ ಗಿಡಕ್ಕೆ ಮೂರು ಜಾಸ್ತಿಯೇ. ಒಂದನ್ನು ಬಿಟ್ಟು ಉಳಿದದ್ದನ್ನು ಪಕ್ಕದ ಮನೆಯ ದೊಡ್ಡ ನಿಂಬೆ ಗಿಡಕ್ಕೆ ರೆಂಬೆ ಸಮೇತ ಸಾಗಿಸಿ. ಕರಿಬೇವು ಬೋಳಾದರೂ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಅಮ್ಮನಿಗೆ ಹೇಳಿ ಸ್ವಲ್ಪ ದಿನ ಒಗ್ಗರಣೆಗೆ ಅಂಗಡಿಯಿಂದ ತರಲಿ. ಆ ಅಂಗಡಿ ಸೊಪ್ಪನ್ನು ಮಾತ್ರ ಹುಳುವಿಗೆ ಹಾಕಬೇಡಿ.

ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್, ಕೆಂಪು ಹಳದಿ ಕಪ್ಪು. ಅದಕ್ಕೆ ಈಶ್ವರಿ ಬಳ್ಳಿ ಬೇಕು. ಆದರೆ ಆ ಚಿಟ್ಟೆ ನಮ್ಮ ಮಲೆನಾಡಿನ ಕಡೆಯದು, ಮೈಸೂರಿನ ಮಹಡಿಗೆ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅದೇ ಬಳ್ಳಿಗೆ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಬರುತ್ತವೆ, ಅವು ನಿಮ್ಮಲ್ಲೂ ಇವೆ. ಬಳ್ಳಿಯ ವಿಷ ತಿಂದು ತಾವೂ ವಿಷವಾಗುವ ಚಿಟ್ಟೆಗಳು, ಹಕ್ಕಿ ಮುಟ್ಟುವುದಿಲ್ಲ. ನಿಮ್ಮ ಕರಿಬೇವಿನ ಮಾರ್ಮನ್ ಇದೆಯಲ್ಲ, ಅದರ ಹೆಣ್ಣುಗಳಲ್ಲಿ ಕೆಲವು ಈ ರೋಸ್ ಚಿಟ್ಟೆಗಳ ವೇಷ ಹಾಕಿಕೊಂಡೇ ಹುಟ್ಟುತ್ತವೆ, ವಿಷ ಇಲ್ಲದಿದ್ದರೂ.

ಬಳ್ಳಿ ಬೇಕಾದರೆ ಔಷಧಿ ಸಸ್ಯಗಳ ನರ್ಸರಿಯಲ್ಲಿ ಕೇಳಿ, ಕಾಡಿಂದ ಕಿತ್ತು ತರಬೇಡಿ. ಹಾವಿಗೆ ಮದ್ದು ಅಂತ ಹಳ್ಳಿಯಲ್ಲಿ ಅದರ ಬೇರು ತೇಯ್ದು ಕುಡಿಸುವವರು ಇದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿ ಕೆಡಿಸುತ್ತದೆ, ಕ್ಯಾನ್ಸರಿಗೂ ದಾರಿ. ಹಾವು ಕಚ್ಚಿದರೆ ಆಸ್ಪತ್ರೆಗೆ ಹೋಗಿ.

ಟೆಕ್ಸಾಸ್_ಗೌಡ

ಮೇಷ್ಟ್ರೇ, ಇನ್ನೊಂದು ಕೋಶ ಸಿಕ್ಕ ಹಾಗಿದೆ, ಈ ಸಲ ತೂತಿಲ್ಲ. ಹಸಿರು. ಕಸದ ಡಬ್ಬಿಯ ಹಿಡಿಕೆಯಲ್ಲಿ ಕಟ್ಟಿದೆ. ಗುರುವಾರ ಕಸದ ಲಾರಿ ಬರುತ್ತೆ, ಏನ್ ಮಾಡ್ಲಿ?

ಚಿಟ್ಟೆ_ಮೇಷ್ಟ್ರು

ಮುಟ್ಟಿದಾಗ ಮೆತ್ತಗಿದ್ದರೆ ಒಂದು ದಿನ ಬಿಡಿ, ಗಟ್ಟಿಯಾಗಲಿ. ಆಮೇಲೆ ಬಾಲದ ಕಡೆಯ ರೇಷ್ಮೆ ಗಂಟನ್ನು ಒದ್ದೆ ಹತ್ತಿಯಲ್ಲಿ ನೆನೆಸಿ, ಗಂಟನ್ನು ಸಡಿಲ ಮಾಡಿ, ಬೆನ್ನಿನ ಎಳೆಯನ್ನು ಎರಡೂ ಕಡೆ ಕತ್ತರಿಸಿ. ಕೋಶವನ್ನು ಎಳೆಯಬೇಡಿ. ಒಂದು ಒರಟು ಕಡ್ಡಿಗೆ ಬಾಲದ ರೇಷ್ಮೆಯನ್ನು ಒಂದು ತೊಟ್ಟು ಅಂಟಿನಿಂದ ಅಂಟಿಸಿ, ಬೆನ್ನಿಗೆ ದಾರ ಸುತ್ತಿ ಓರೆಯಾಗಿ ನಿಲ್ಲಿಸಿ, ತಲೆ ಮೇಲೆ. ಸುತ್ತ ಒಂದು ಗೇಣಾದರೂ ಜಾಗ ಇರಲಿ, ಹೊರಬಂದ ಮೇಲೆ ರೆಕ್ಕೆ ಇಳಿಬಿಟ್ಟು ಒಣಗಿಸಿಕೊಳ್ಳಬೇಕು. ಜಾಗ ಸಾಲದಿದ್ದರೆ ರೆಕ್ಕೆ ಮುದುಡಿಯೇ ಗಟ್ಟಿಯಾಗುತ್ತದೆ.

ಅಥವಾ ಆ ವಾರ ಕಸವನ್ನು ಬೇರೆ ಡಬ್ಬಿಗೆ ಹಾಕಿ ಗೌಡರೇ. ಅದು ಇನ್ನೂ ಸುಲಭ.

ಟೆಕ್ಸಾಸ್_ಗೌಡ

ಪಕ್ಕದ ಮನೆಯವರ ಡಬ್ಬಿ ಕೇಳಿದ್ದೇನೆ. ಯಾಕೆ ಅಂತ ಕೇಳಿದರು, ಹೇಳಿದೆ. ಅವರ ಹತ್ತಿರವೂ ಬಡೇಸೋಪಿನ ಗಿಡ ಇದೆಯಂತೆ, ಔಷಧಿ ಹೊಡೆಯುವುದು ನಿಲ್ಲಿಸ್ತೀನಿ ಅಂದರು. ಸಬ್ಬಸಿಗೆ ಬೀಜ ಯಾವುದು ಒಳ್ಳೆಯದು, ಇಂಡಿಯನ್ ಅಂಗಡಿಯ ಬೀಜ ಮೊಳೆಯುತ್ತಾ?

ಬಫಲೋ_ಗ್ರೋವ್_ಸುಮ

ನಮ್ಮಲ್ಲಿ ಮೊಳೆತಿದೆ ಗೌಡರೇ, ಸ್ವಲ್ಪ ಒತ್ತಾಗಿ ಚೆಲ್ಲಿ, ಎಲ್ಲಾ ಹುಟ್ಟಲ್ಲ. ಆದರೆ ಟೆಕ್ಸಾಸ್ ಬಿಸಿಲಿಗೆ ಈಗ ಹಾಕಬೇಡಿ, ಸೆಪ್ಟೆಂಬರ್ ಕೊನೆಗೆ ಹಾಕಿ.